ಕೌದಿ ಗೂಡಿನ ಮೇಲಿರಲಿ, ಒಳಗೆ ಬೇಡ

● ನಮ್ಮ ಮನೆಯಲ್ಲಿ ಎರಡು ವರ್ಷದ ಬಿಳಿ ಮೊಲವಿದೆ. ಮೊಮ್ಮಗ ಹಟ ಹಿಡಿದು ತರಿಸಿಕೊಂಡದ್ದು, ಈಗ ನೋಡಿಕೊಳ್ಳುವವಳು ನಾನು. ತಂತಿಬಲೆಯ ಗೂಡು ಹಿತ್ತಲಿನಲ್ಲಿದೆ. ಚಳಿ ಬಿದ್ದಾಗಿನಿಂದ ರಾತ್ರಿ ಗೂಡಿಗೆ ತಾಡಪತ್ರಿ ಸುತ್ತಿ, ಪಕ್ಕದಲ್ಲಿ ಕೆಂಡದ ಶೇಗಡಿ ಇಡುತ್ತೇವೆ. ಒಳಗೆ ಹಳೆಯ ಕೌದಿ ಹಾಸಿದರೆ ಕಡಿದು ಹರಿಯುತ್ತದೆ. ಕಿವಿ ಮುಟ್ಟಿದರೆ ತಣ್ಣಗಿರುತ್ತದೆ. ಇನ್ನೂ ಬೆಚ್ಚಗಿಡುವುದು ಹೇಗೆ?
– ಓದುಗರು, ತಿಲಕವಾಡಿ, ಬೆಳಗಾವಿ

ಅಕ್ಕಾವರೇ, ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಎದ್ದು ಹೋಗಿ ಆ ಶೇಗಡಿಯನ್ನು ದೂರ ಇಟ್ಟು ಬನ್ನಿ. ಇದ್ದಿಲಿನ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನಿಲ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಾಡಪತ್ರಿ ಸುತ್ತಿದ ಗೂಡಿನೊಳಗೆ ಅದು ತುಂಬಿಕೊಂಡರೆ ಮೊಲ ಮಲಗಿದಲ್ಲೇ ಪ್ರಾಣ ಬಿಡುತ್ತದೆ. ಶೇಗಡಿಯ ಬದಲು ಬಲ್ಬು ಇಡುತ್ತೇವೆ ಎನ್ನುವವರೂ ಇದ್ದಾರೆ. ಅದೂ ಬೇಡ, ಮೊಲ ವೈರನ್ನು ಕಡಿಯದೆ ಬಿಡುವುದಿಲ್ಲ.

ಆರೋಗ್ಯವಾಗಿರುವ ದೊಡ್ಡ ಮೊಲಕ್ಕೆ ನಮ್ಮ ಕಡೆಯ ಚಳಿ ಭಾರವಲ್ಲ. ಸಾಕುಮೊಲದ ಮೂಲ ಯುರೋಪಿನದು. ನೆಲದಲ್ಲಿ ಬಿಲ ತೋಡಿ, ಹಿಮ ಬೀಳುವ ನಾಡಿನಲ್ಲೂ ಬದುಕುವ ಜಾತಿ ಅದು. ಅದರ ಮೈ ಬಿಸಿಯೇ 38.5ರಿಂದ 40 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ಹೆಚ್ಚು. ಚಳಿಯಲ್ಲಿ ಮೈಯ ಬಿಸಿ ಹೊರಗೆ ಹೋಗದಿರಲೆಂದು ಕಿವಿಯ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಹಾಗಾಗಿ ಕಿವಿ ತಣ್ಣಗಾಗುತ್ತದೆ. ಕಿವಿ ತಣ್ಣಗಿದ್ದೂ ಮೊಲ ಓಡಾಡಿಕೊಂಡು ಹುಲ್ಲು ತಿನ್ನುತ್ತಿದ್ದರೆ ಅದು ಚೆನ್ನಾಗಿದೆ. ಕಿವಿ ತಣ್ಣಗಾಗಿ, ಮೈ ಜೋತುಬಿದ್ದು, ಹುಲ್ಲಿಗೆ ಬಾಯಿ ಹಾಕದಿದ್ದರೆ ಮಾತ್ರ ಗಾಬರಿಯಾಗಬೇಕು. ಆಗ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಮೊಲದ ಪಕ್ಕದಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಹೊರಡಬೇಕು.

ಮೊಲವನ್ನು ಕೆಡಿಸುವುದು ಗಾಳಿ ಮತ್ತು ತೇವ. ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. ನೌಕರಿಗೆ ಸೇರಿದ ಹೊಸತರಲ್ಲಿ ಮಗಳಿಗಾಗಿ ಒಂದು ಬೂದುಬಣ್ಣದ ಮೊಲ ತಂದಿದ್ದೆ. ಜನವರಿಯ ಚಳಿಗೆ ಅದು ನಡುಗೀತೆಂದು ಬಚ್ಚಲಮನೆಯಲ್ಲಿ ಹಂಡೆಯ ಪಕ್ಕ ಇಟ್ಟೆವು. ಬೆಚ್ಚಗೇನೋ ಇತ್ತು. ಆದರೆ ಬೆಳಗಿನ ಹೊಗೆ, ಸ್ನಾನದ ಹಬೆ, ಒಣಗದ ನೆಲ. ಎಂಟನೆಯ ದಿನ ಅದರ ಉಸಿರು ಗೊರಗೊರ ಎನ್ನತೊಡಗಿತು, ಹತ್ತನೆಯ ದಿನ ಹೋಯಿತು. ದನಗಳ ನ್ಯುಮೋನಿಯಾಕ್ಕೆ ದಿನವೂ ಔಷಧ ಕೊಡುತ್ತಿದ್ದವನು ನನ್ನ ಮನೆಯ ಮೊಲಕ್ಕೆ ನಾನೇ ಅದನ್ನು ತಂದಿಟ್ಟಿದ್ದೆ. ಮಗಳು ಅತ್ತದ್ದು ಇವತ್ತಿಗೂ ಕಿವಿಯಲ್ಲಿದೆ.

ಆದ್ದರಿಂದ ಹೀಗೆ ಮಾಡಿ. ಈ ದಿನಗಳಲ್ಲಿ ನಮ್ಮಲ್ಲಿ ಬೀಸುವುದು ಮೂಡಗಾಳಿ. ಗೂಡಿನ ಮೂಡಣ ಬದಿ ಮುಚ್ಚಿರಲಿ, ಬಾಗಿಲು ದಕ್ಷಿಣಕ್ಕಿರಲಿ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲೂ ಒಳಗೆ ಬರುತ್ತದೆ. ನೆಲದಿಂದ ಒಂದು ಅಡಿ ಎತ್ತರಕ್ಕೆ ಇಟ್ಟಿಗೆ ಕೊಡಿ. ತಂತಿಬಲೆಯ ಮೇಲೆ ಹಲಗೆ ಹಾಕಿ, ಬರಿಯ ತಂತಿಯ ಮೇಲೆ ಕೂತರೆ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಮೊಲ ಕಾಲು ಚಾಚಿ ಮಲಗಿ ಹೊರಳುವಷ್ಟೇ ದೊಡ್ಡದಾದ ಒಂದು ಮರದ ಅಥವಾ ರಟ್ಟಿನ ಪೆಟ್ಟಿಗೆಯನ್ನು ಒಳಗಿಟ್ಟು, ಗೇಣುದ್ದ ಒಣ ಭತ್ತದ ಹುಲ್ಲು ತುಂಬಿ. ಖಾನಾಪುರದ ಕಡೆಯವರು ಯಾರಾದರೂ ಪರಿಚಯವಿದ್ದರೆ ಒಂದು ಹೊರೆ ಸುಲಭವಾಗಿ ಸಿಕ್ಕೀತು. ಪೆಟ್ಟಿಗೆ ಬಹಳ ದೊಡ್ಡದಾಗಬಾರದು, ಚಿಕ್ಕ ಜಾಗವನ್ನು ಮೊಲ ತನ್ನ ಮೈಯಿಂದಲೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ದಿನವೂ ಬೆಳಿಗ್ಗೆ ಆ ಹುಲ್ಲಿನೊಳಗೆ ಕೈ ತೂರಿಸಿ ನೋಡಿ. ಹಿಂಗೈಗೆ ತೇವ ತಾಕಿದರೆ, ಮೂತ್ರದ ಘಾಟು ಮೂಗಿಗೆ ಬಡಿದರೆ, ಅಷ್ಟನ್ನೂ ತೆಗೆದು ಹೊಸದು ಹಾಕಬೇಕು. ಆ ಘಾಟೆಂದರೆ ಅಮೋನಿಯಾ. ಮೊಲದ ಮೂಗು, ಶ್ವಾಸಕೋಶಗಳನ್ನು ಅದು ಸುಡುತ್ತದೆ.

ಇನ್ನು ಕೌದಿ. ಅದು ಗೂಡಿನ ಮೇಲಿರಲಿ, ಒಳಗೆ ಬೇಡ. ಕೌದಿಯ ಜೀವವೇ ದಾರ. ಮೊಲ ಅದನ್ನು ಕಡಿದು ನುಂಗಿದರೆ ದಾರ ಕರುಳಿನಲ್ಲಿ ಗಂಟಾಗುತ್ತದೆ. ಮೊಲಕ್ಕೆ ವಾಂತಿ ಮಾಡಲು ಬಾರದು, ಒಳಗೆ ಹೋದದ್ದು ಬಾಯಿಂದ ಹಿಂದಕ್ಕೆ ಬರುವುದಿಲ್ಲ. ರಾತ್ರಿ ಕೌದಿಯನ್ನು ಮೇಲೆ ಮತ್ತು ಮೂರು ಬದಿಗೆ ಹೊದಿಸಿ, ಹಲ್ಲಿಗೆ ಎಟುಕದಂತೆ ನಡುವೆ ರಟ್ಟು ಕೊಡಿ, ಮುಂಬದಿ ತೆರೆದಿರಲಿ. ತಾಡಪತ್ರಿ ಇಬ್ಬನಿ ತಡೆಯಲು ಮೇಲೊಂದೇ ಸಾಕು. ಬಿಸಿಲು ಏರುತ್ತಿದ್ದಂತೆ ಎಲ್ಲವನ್ನೂ ತೆಗೆಯಬೇಕು. ನಮ್ಮ ಚಳಿಗಾಲ ಇರುಳಿನದು, ಮಧ್ಯಾಹ್ನ 30 ಡಿಗ್ರಿ ಮುಟ್ಟುತ್ತದೆ. ಆ ಹೊತ್ತಿನಲ್ಲಿ ಹೊದಿಕೆಯೊಳಗೆ ಸಿಕ್ಕ ಮೊಲಕ್ಕೆ ಚಳಿಗಿಂತ ಸೆಕೆಯೇ ಅಪಾಯ, ಅದಕ್ಕೆ ನಮ್ಮ ಹಾಗೆ ಬೆವರಲು ಬಾರದು.

ಒಳಗಿನ ಬಿಸಿ ಹುಲ್ಲಿನಿಂದ ಬರುತ್ತದೆ. ಒಣಹುಲ್ಲು ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟುವ ಕಾವೇ ಮೊಲದ ಶೇಗಡಿ. ಹಗಲಿರುಳು ಅದರ ಮುಂದೆ ಹುಲ್ಲಿರಬೇಕು. ಗರಿಕೆ ಬಹಳ ಒಳ್ಳೆಯದು. ಕುದುರೆ ಮೆಂತ್ಯ (ಲೂಸರ್ನ್ ಮೇವು) ಮರಿಗಳಿಗೆ ಸರಿ, ದೊಡ್ಡ ಮೊಲಕ್ಕೆ ಅದರಲ್ಲಿ ಸುಣ್ಣದ ಅಂಶ ಹೆಚ್ಚಾಗುತ್ತದೆ. ಎಳೆಯ ಜೋಳದ ಪೈರು ಮಾತ್ರ ಬೇಡವೇ ಬೇಡ, ದನಕ್ಕೇ ವಿಷವಾಗುವಂಥದ್ದು ಅದು. ನೀರನ್ನು ಉಗುರುಬೆಚ್ಚಗೆ ಮಾಡಿ ಭಾರದ ಬಟ್ಟಲಿನಲ್ಲಿ ದಿನಕ್ಕೆರಡು ಸಲ ಇಡಿ. ಎರಡು ಕಿಲೋ ತೂಕದ ಮೊಲಕ್ಕೆ ದಿನಕ್ಕೆ 100ರಿಂದ 300 ಮಿ.ಲೀ. ನೀರು ಬೇಕು. ತಣ್ಣೀರೆಂದು ಕುಡಿಯುವುದನ್ನು ಕಡಿಮೆ ಮಾಡಿದರೆ ಹೊಟ್ಟೆ ನಿಧಾನವಾಗುತ್ತದೆ.

ಹೊಟ್ಟೆ ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ಹಿಕ್ಕೆ ನೋಡಿ. ಬಟಾಣಿಯಷ್ಟು ಗಾತ್ರದ, ದುಂಡನೆಯ, ಬೆರಳಲ್ಲಿ ಹಿಚುಕಿದರೆ ಹುಲ್ಲಿನ ಪುಡಿಯಂತೆ ಉದುರುವ ಹಿಕ್ಕೆ ಇದ್ದರೆ ನೆಮ್ಮದಿಯಾಗಿ ಮಲಗಿ. ಜೋಳದ ಕಾಳಿನಷ್ಟು ಚಿಕ್ಕದಾದರೆ, ಕಡಿಮೆಯಾದರೆ, ಹೊಟ್ಟೆ ನಿಲ್ಲುತ್ತಿದೆ ಎಂದು ಅರ್ಥ. ಹನ್ನೆರಡು ತಾಸು ಏನೂ ತಿನ್ನದ ಮೊಲವನ್ನು ನಾಳೆ ನೋಡೋಣ ಎಂದು ಬಿಡಬಾರದು.

● ನಮ್ಮ ಮೊಲಕ್ಕೆ ನೆಗಡಿಯಾಗಿದೆ, ಸೀನುತ್ತಿದೆ. ಮಗನಿಗೆ ತಂದ ಆಂಟಿಬಯೋಟಿಕ್ ಸಿರಪ್ ಉಳಿದಿದೆ. ಎರಡು ಹನಿ ಹಾಕಬಹುದೇ? ಮೈ ಬೆಚ್ಚಗಾಗಲೆಂದು ಸಜ್ಜೆ ರೊಟ್ಟಿ, ಬೆಲ್ಲ ಕೊಡುತ್ತಿದ್ದೇವೆ.
– ಓದುಗರು, ಬಾಗಲಕೋಟೆ

ಖಂಡಿತ ಹಾಕಬೇಡಿ. ಮಕ್ಕಳಿಗೆ ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ನಾಶವಾಗಿ, ಕೆಟ್ಟವು ಬೆಳೆದು, ಭೇದಿಯಾಗಿ ಮೊಲ ಸಾಯಬಹುದು. ಅದರ ಮುಂಗಾಲುಗಳ ಒಳಬದಿ ನೋಡಿ. ಮೊಲ ಮೂಗನ್ನು ಮುಂಗಾಲಿನಿಂದಲೇ ಒರೆಸಿಕೊಳ್ಳುತ್ತದೆ, ಅಲ್ಲಿನ ಕೂದಲು ಅಂಟಂಟಾಗಿ ಜಡೆಗಟ್ಟಿದ್ದರೆ ಇದು ಒಂದೆರಡು ಸೀನಿನ ಮಾತಲ್ಲ. ಮೊಲಕ್ಕೆ ಹೊಂದುವ ಔಷಧವನ್ನು ಪಶುವೈದ್ಯರೇ ತೂಕ ನೋಡಿ ಕೊಡಬೇಕು.

ರೊಟ್ಟಿ, ಬೆಲ್ಲ ನಿಲ್ಲಿಸಿ. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ ತಿಂದು ನಮಗೆ ಮೈ ಕಾವೇರುತ್ತದೆ, ಮೊಲಕ್ಕೆ ಹೊಟ್ಟೆಯುಬ್ಬುತ್ತದೆ. ಸಂಕ್ರಾಂತಿ ಹತ್ತಿರ ಬಂತು, ಮಕ್ಕಳು ಪ್ರೀತಿಯಿಂದ ಕುಸುರೆಳ್ಳು ಹಿಡಿದು ಹೋಗುತ್ತಾರೆ. ಅವರ ಕೈಗೆ ಕೊತ್ತಂಬರಿಯ ಎರಡು ಕಡ್ಡಿಯನ್ನೋ ಗಜ್ಜರಿಯ ಸೊಪ್ಪನ್ನೋ ಕೊಟ್ಟು ಕಳಿಸಿ. ಉಳ್ಳಾಗಡ್ಡಿ ಸೊಪ್ಪು ವಿಷ, ಅದನ್ನು ಕೊಡಬಾರದು.

● ಕಬ್ಬು ಕಡಿಯುವಾಗ ಒಂದು ಮೊಲದ ಮರಿ ಸಿಕ್ಕಿದೆ. ಚಳಿಯಲ್ಲಿ ಸತ್ತೀತೆಂದು ಮನೆಗೆ ತಂದು ರವದಿಯ (ಕಬ್ಬಿನ ಒಣಗರಿಯ) ಹಾಸಿಗೆ ಮಾಡಿದ್ದೇವೆ. ಸಾಕಬಹುದೇ?
– ರೈತರು, ಮುಧೋಳ

ಸಿಕ್ಕ ಜಾಗಕ್ಕೇ ಇವತ್ತೇ ಬಿಟ್ಟು ಬನ್ನಿ. ಕಟಾವು ಮುಗಿದಿದ್ದರೆ ಅದರ ಹತ್ತಿರದ ಬದುವಿನ ಹುಲ್ಲಿನಲ್ಲಿ ಬಿಡಿ. ಇದು ಕಾಡುಮೊಲ, ಸಾಕುಮೊಲದ ಜಾತಿಯಲ್ಲ. ಹುಟ್ಟುವಾಗಲೇ ಇದಕ್ಕೆ ಮೈತುಂಬ ಕೂದಲು, ತೆರೆದ ಕಣ್ಣು ಇರುತ್ತವೆ, ಚಳಿ ತಡೆಯುವ ಶಕ್ತಿಯೂ ಇರುತ್ತದೆ. ತಾಯಿ ಹಗಲೆಲ್ಲ ದೂರವಿದ್ದು ಕತ್ತಲಾದ ಮೇಲೆ ಬಂದು ಹಾಲುಣಿಸಿ ಹೋಗುತ್ತದೆ, ಅನಾಥವೆಂದು ನಮಗೆ ಅನಿಸುವುದು ಅದಕ್ಕೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಮನೆಯಲ್ಲಿಟ್ಟುಕೊಳ್ಳುವಂತೆಯೂ ಇಲ್ಲ. ರವದಿಯನ್ನು ಸಾಕುಮೊಲಕ್ಕೂ ಹಾಸಬೇಡಿ, ಅದರ ಅಂಚು ನಿಮ್ಮ ಕೈಯನ್ನೇ ಸೀಳುವಂಥದ್ದು.

● ನಾನು ಏಳನೆಯ ತರಗತಿ. ನಮ್ಮ ಮನೆಯಲ್ಲಿ ಎರಡು ಮೊಲಗಳಿವೆ, ಎರಡೂ ಹೆಣ್ಣು ಎಂದು ಅಂಗಡಿಯವರು ಹೇಳಿದ್ದರು. ಈಗ ಒಂದು ಮೊಲ ತನ್ನ ಎದೆಯ ಕೂದಲನ್ನು ತಾನೇ ಕಿತ್ತು, ಬಾಯಿತುಂಬ ಹುಲ್ಲು ಹೊತ್ತು ಮೂಲೆಯಲ್ಲಿ ಕೂಡಿಸುತ್ತಿದೆ. ಅದಕ್ಕೆ ಚಳಿಯೇ? ಸ್ವೆಟರ್ ಹೆಣೆದು ಹಾಕಲೇ?
– ಓದುಗರು, ವಿಜಯಪುರ

ತಂಗೀ, ನೀನು ಎಷ್ಟು ಚೆನ್ನಾಗಿ ಗಮನಿಸಿದ್ದೀಯ! ಅದು ಚಳಿಗೆ ಮಾಡುವ ಕೆಲಸವಲ್ಲ, ಮರಿ ಹಾಕುವ ತಯಾರಿ. ಅಂಗಡಿಯವರು ಗುರುತಿಸುವಾಗ ತಪ್ಪಿರಬಹುದು, ಇನ್ನೊಂದು ಗಂಡಿರಬಹುದು. ಎರಡೂ ಹೆಣ್ಣೇ ಆಗಿದ್ದರೂ ಕೆಲವು ಸಲ ಬಸುರಾದಂತೆ ಮೈಗೆ ಅನಿಸಿ ಹೀಗೆ ಮಾಡುವುದುಂಟು, ಆಗ ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಹೇಗೂ ಇರಲಿ, ಇನ್ನೊಂದು ಮೊಲವನ್ನು ಇವತ್ತೇ ಬೇರೆ ಗೂಡಿಗೆ ಹಾಕಲು ಅಪ್ಪನಿಗೆ ಹೇಳು. ಮೊಲ ಈದ ದಿನವೇ ಮತ್ತೆ ಗರ್ಭ ಕಟ್ಟಬಲ್ಲದು.

ಸ್ವೆಟರ್ ಬೇಡ, ನಿನ್ನ ಕೈಕೆಲಸವನ್ನು ಪೆಟ್ಟಿಗೆಗೆ ಇಟ್ಟುಕೋ. ತಾಯಿ ಒಳಗೆ ತಿರುಗುವಷ್ಟು ಜಾಗವಿರಲಿ, ಮರಿಗಳು ಹೊರಬೀಳದಂತೆ ಬಾಗಿಲಿನಲ್ಲಿ ಒಂದು ಗೇಣು ಅಡ್ಡಹಲಗೆ ಇರಲಿ. ಅದರಲ್ಲಿ ಮೆತ್ತನೆಯ ಒಣಹುಲ್ಲು ತುಂಬಿ, ತಾಯಿ ಕೂಡಿಸಿದ ಹುಲ್ಲು, ಕೂದಲುಗಳನ್ನು ಒಂದೂ ಬಿಡದೆ ಎತ್ತಿ ಅದರೊಳಗೆ ಹಾಕಿ, ಪೆಟ್ಟಿಗೆಯನ್ನು ಅದೇ ಮೂಲೆಯಲ್ಲಿಡು. ಮೊಲ 30–31 ದಿನ ಹೊತ್ತು ಈಯುತ್ತದೆ. ಕೂದಲು ಕಿತ್ತಿದೆಯೆಂದರೆ ಸಮಯ ಹತ್ತಿರ ಬಂದಿದೆ.

ಚಳಿಯ ಭಯ ಇರುವುದು ಈ ಮರಿಗಳಿಗೆ. ಕಾಡುಮೊಲದ ಹಾಗಲ್ಲ, ಇವು ಬರಿಮೈಯಲ್ಲಿ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಕಣ್ಣು ತೆರೆಯುವುದು ಹತ್ತು ದಿನಗಳಾದ ಮೇಲೆ. ಅಲ್ಲಿಯವರೆಗೆ ತಾಯಿಯ ಎದೆಗೂದಲೇ ಅವುಗಳ ಕೌದಿ. ತಾಯಿ ಮರಿಗಳ ಬಳಿ ಕೂರುವುದಿಲ್ಲವೆಂದು ಅಳಬೇಡ. ಅದು ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ, ನಾಲ್ಕೈದು ನಿಮಿಷ ಹಾಲುಣಿಸಿ ಹೋಗುತ್ತದೆ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಕೈ ತೊಳೆದು, ಉಜ್ಜಿ ಬೆಚ್ಚಗೆ ಮಾಡಿಕೊಂಡು, ಕೂದಲನ್ನು ಮೆಲ್ಲಗೆ ಸರಿಸಿ ನೋಡು. ಹೊಟ್ಟೆ ದುಂಡಗೆ ಬಿಗಿಯಾಗಿದ್ದರೆ ಹಾಲು ಕುಡಿದಿವೆ. ಚರ್ಮ ಸುಕ್ಕಾಗಿ ಕೈಗೆ ತಣ್ಣಗೆ ತಾಕಿದರೆ ಅಮ್ಮನನ್ನು ಕರೆ, ಡಾಕ್ಟರರಿಗೆ ಫೋನ್ ಮಾಡಿಸು. ಯಾವುದಾದರೂ ಮರಿ ಪೆಟ್ಟಿಗೆಯ ಹೊರಗೆ ಬಿದ್ದಿದ್ದರೆ ಎರಡೂ ಅಂಗೈಗಳ ನಡುವೆ ಹಿಡಿದು, ಬೆಚ್ಚಗಾದ ಮೇಲೆ ಉಳಿದವುಗಳ ನಡುವೆ ಇಡು. ನೀನು ಮುಟ್ಟಿದೆಯೆಂದು ತಾಯಿ ಅದನ್ನು ಬಿಟ್ಟುಬಿಡುವುದಿಲ್ಲ. ಆಮೇಲೆ ಕೂದಲನ್ನು ಮೊದಲಿದ್ದಂತೆಯೇ ಮುಚ್ಚಿ, ಮರಿಗಳೆಷ್ಟು ಎಂದು ಎಣಿಸಿ ನನಗೆ ಬರೆ.