ಎದುರಿನವರು ಮಾತಾಡ್ವಾಗ ಅವರ ಮುಖ ನೋಡಿ

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯ. ಹೋದ ಸಂಚಿಕೇಲಿ ಓದುಗರೊಬ್ರು ‘ಕನ್ನಡದ ಶ್ರೇಷ್ಠ ನಟ ಯಾರು’ ಅಂತ ಕೇಳಿದ್ರು, ನಾನು ‘ಮೊದ್ಲು ಶ್ರೇಷ್ಠ ಅಂದ್ರೆ ಏನು ಅಂತ ನೀವೇ ಬರೀರಿ’ ಅಂತ ನಿಮ್ಮ ತಲೆಗೇ ಕಟ್ಟಿದ್ದೆ. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯಿಂದ ರಾಶಿ ಬಂದಿದೆ. ಬೈಗುಳ ಸೋಸಿ ಉಳಿದಿದ್ದಕ್ಕೆ ಉತ್ತರ ಕೊಡ್ತಿದೀನಿ.

ಕಡೂರಿಂದ ಒಬ್ಬ ಕೊಬ್ಬರಿ ವ್ಯಾಪಾರಿ: ಸಾರ್, ನಮ್ಮನೇಲಿ ಊಟಕ್ಕೆ ಕೂತ್ರೆ ಇದೇ ಜಗಳ. ನಮ್ಮಪ್ಪಂಗೆ ಅಣ್ಣಾವ್ರು ಬಿಟ್ರೆ ಬೇರೆ ಯಾರೂ ನಟರೇ ಅಲ್ಲ. ಮಗ ಮೊಬೈಲ್ ತೆಗ್ದು ಇಷ್ಟು ಕೋಟಿ ಕಲೆಕ್ಷನ್, ಇಷ್ಟು ಸ್ಕ್ರೀನು ಅಂತ ಓದಿ ಹೇಳ್ತಾನೆ. ಮಧ್ಯ ನಾನು ಅನಂತ್‌ನಾಗ್ ಅಂದ್ರೆ ಇಬ್ರೂ ಸೇರಿ ನನ್ನ ಮೇಲೆ ಬೀಳ್ತಾರೆ. ನೀವೇ ಪಂಚಾಯ್ತಿ ಮಾಡಿ.

ಮಗನ ಲೆಕ್ಕ ಮೊದ್ಲು ಮುಗಿಸ್ಬಿಡೋಣ. ಕಲೆಕ್ಷನ್ ಅನ್ನೋದು ಸಿನಿಮಾದ ಲೆಕ್ಕ, ನಟನೆ ಲೆಕ್ಕ ಅಲ್ಲ ಕಣ್ರೀ. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಒಂದೇ ಥಿಯೇಟರಲ್ಲಿ ಎರಡು ವರ್ಷ ಓಡ್ತು, ಆಗ ಎಷ್ಟು ವಾರ ಓಡ್ತು ಅಂತ ಎಣಿಸ್ತಿದ್ರು, ಈಗ ನೂರಾರು ಸ್ಕ್ರೀನಲ್ಲಿ ಒಂದೇ ದಿನ ರಿಲೀಸ್ ಮಾಡಿ ಸೋಮವಾರ ಬೆಳಿಗ್ಗೆ ಎಷ್ಟು ಕೋಟಿ ಅಂತ ಪೋಸ್ಟರ್ ಹಾಕ್ತಾರೆ, ಟಿಕೆಟ್ ರೇಟೂ ಬೇರೆ ಕಾಲವೂ ಬೇರೆ, ಇವೆರಡನ್ನ ಎದುರುಬದುರು ಇಟ್ಟು ಏನು ತೂಗ್ತೀರಿ. ಜನ ಬಂದಿದ್ದು ಕಥೆಗೋ ಹಾಡಿಗೋ ಫೈಟಿಗೋ ಹೀರೋ ಮುಖಕ್ಕೋ, ಅದನ್ನ ಗಲ್ಲಾಪೆಟ್ಟಿಗೆ ಬಿಡಿಸಿ ಹೇಳಲ್ಲ.

ನಾನು ನೋಡೋದು ಒಂದೇ. ಒಂದು ಸೀನಲ್ಲಿ ಮಾತಾಡ್ತಿರೋರನ್ನ ಬಿಟ್ಬಿಡಿ, ಕೇಳಿಸ್ಕೊತಾ ನಿಂತಿರೋರ ಮುಖ ನೋಡಿ. ತನ್ನ ಡೈಲಾಗ್ ಯಾವಾಗ ಬರುತ್ತೆ ಅಂತ ಕಾಯ್ತಾ ನಿಂತಿದಾರಾ, ಇಲ್ಲ ಎದುರಿನವರ ಮಾತು ಒಳಗೆ ಇಳೀತಾ ಇದೆಯಾ? ಡೈಲಾಗ್ ಹೊಡೆಯೋದನ್ನ ವರ್ಷಾನುಗಟ್ಲೆ ಮಾಡಿ ಯಾರು ಬೇಕಾದ್ರೂ ಕಲೀಬಹುದು, ಕೇಳಿಸ್ಕೊಳ್ಳೋದು ಹಾಗಲ್ಲ.

ಇದಕ್ಕೆ ನಾನು ಮೊದ್ಲು ಹೇಳೋ ಹೆಸರು ನಿಮ್ಮ ಪಕ್ಕದ ಅರಸೀಕೆರೆಯದ್ದೇ. ಟಿ.ಎನ್. ಬಾಲಕೃಷ್ಣ. ಆ ಮನುಷ್ಯಂಗೆ ಕಿವಿ ಸರಿಯಾಗಿ ಕೇಳಿಸ್ತಾನೇ ಇರ್ಲಿಲ್ಲ. ಎದುರಿನವರ ತುಟಿ ನೋಡ್ಕೊಂಡು, ತಮ್ಮ ಡೈಲಾಗ್ ಜೊತೆ ಅವರದ್ದೂ ಬಾಯಿಪಾಠ ಮಾಡ್ಕೊಂಡು ನಟಿಸ್ತಿದ್ರು ಅಂತ ಜೊತೇಲಿ ಕೆಲ್ಸ ಮಾಡ್ದೋರು ಹೇಳ್ತಾರೆ. ಐನೂರಕ್ಕೂ ಹೆಚ್ಚು ಸಿನಿಮಾ, ವಿಲನ್ನು, ಜುಗ್ಗ, ಹಾಸ್ಯ, ಮಗಳ ಮದ್ವೆಗೆ ಒದ್ದಾಡೋ ಅಪ್ಪ, ಎಲ್ಲಾ ಮಾಡಿದ್ರು. ಈಗ ಟಿವೀಲಿ ಅವರ ಯಾವ ಸಿನಿಮಾ ಬಂದ್ರೂ ಒಂದ್ಸಲ ಮ್ಯೂಟ್ ಮಾಡಿ ನೋಡಿ. ಕಣ್ಣು ಎದುರಿನವರ ಮುಖ ಬಿಟ್ಟು ಅಲ್ಲಾಡಲ್ಲ, ಆ ಕಡೆ ಮಾತು ಮುಗಿಯೋದಕ್ಕೂ ಇವರ ಹುಬ್ಬು ಮೇಲೇಳೋದಕ್ಕೂ ಕೂದಲೆಳೆ ಅಂತರ ಇರಲ್ಲ. ಕಿವಿ ಚೆನ್ನಾಗಿರೋ ಎಷ್ಟೋ ಹೀರೋಗಳು ಕೆಮೆರಾ ಎಲ್ಲಿದೆ ಅಂತ ಹುಡುಕ್ತಾ ನಿಂತಿರ್ತಾರೆ.

ಇನ್ನು ನಿಮ್ಮಪ್ಪನ ಪಕ್ಷಕ್ಕೆ ಬರ್ತೀನಿ. 1971ರ ‘ಕಸ್ತೂರಿ ನಿವಾಸ’, ಆಮೇಲೆ 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಟ್ರಲ್ಲ ಅದೇ. ಎಲ್ಲಾ ಕಳ್ಕೊಂಡಿರೋ ಮನೆಗೆ ಜಯಂತಿ ಬರ್ತಾರೆ, ಬಂದೋರಿಗೆ ಊಟ ಹಾಕ್ದೆ ಕಳ್ಸೋ ಹಂಗಿಲ್ಲ, ಕಾಸಿಲ್ಲ, ಸಾಕಿದ ಪಾರಿವಾಳ ಮಾರಿ ಊಟ ಹಾಕ್ಸ್ತಾರೆ, ಉಂಡಾದ್ಮೇಲೆ ಆಕೆ ಕೇಳೋದು ಅದೇ ಪಾರಿವಾಳ. ಆ ಹೊತ್ತಲ್ಲಿ ರಾಜ್‌ಕುಮಾರ್ ಮುಖ ನೋಡಿ. ದುಃಖಕ್ಕಿಂತ ಮೊದ್ಲು ಅಲ್ಲಿ ಬರೋದು ನಾಚಿಕೆ, ಕೇಳಿದ್ದಕ್ಕೆ ಇಲ್ಲ ಅನ್ನಬೇಕಾಗಿ ಬಂತಲ್ಲ ಅನ್ನೋ ನಾಚಿಕೆ. ಚಿಕ್ಕಮಗಳೂರಿನ ಐ.ಜಿ. ರೋಡಿನ ಹೋಟೆಲೊಂದರಲ್ಲಿ ಮಧ್ಯಾಹ್ನ ಟಿವೀಲಿ ಈ ಸೀನ್ ಬರ್ತಿತ್ತು, ಸಪ್ಲೈಯರ್ ಹುಡುಗ ಕಾಫಿ ಲೋಟ ಇಟ್ಕೊಂಡು ಹಂಗೇ ನಿಂತ್ಬಿಟ್ಟ, ಗಲ್ಲಾದಲ್ಲಿದ್ದ ಯಜಮಾನ್ರೂ ಬೈಲಿಲ್ಲ. ಆ ಹುಡುಗಂಗೆ ಇಪ್ಪತ್ತು ತುಂಬಿರ್ಲಿಕ್ಕಿಲ್ಲ, ಅವನಿಗೆ ಅಣ್ಣಾವ್ರ ಅಭಿಮಾನ ಯಾರೂ ಕಟ್ಟಿರಲಿಲ್ಲ.

ಹಾಗಾಗಿ ತೀರ್ಪು ಅಪ್ಪನ ಕಡೆಗೇ. ಆದ್ರೆ ‘ಬೇರೆ ಯಾರೂ ನಟರೇ ಅಲ್ಲ’ ಅನ್ನೋದನ್ನ ಅವರು ವಾಪಸ್ ತಗೋಬೇಕು. ರಾಜ್‌ಕುಮಾರೇ ಒಪ್ಪದಿರೋ ಮಾತು ಅದು. 1960ರಲ್ಲಿ ಅವರು ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರ್ಕೊಂಡು ‘ರಣಧೀರ ಕಂಠೀರವ’ ತೆಗೆದೋರು, ಜೊತೆಗಾರರ ಬೆಲೆ ಗೊತ್ತಿದ್ದೋರು.

ಹಾಸನದಿಂದ ಡಿಗ್ರಿ ಓದ್ತಿರೋ ಹುಡುಗ: ನೀವು ಅಷ್ಟು ಹೊಗಳೋ ರಾಜ್‌ಕುಮಾರ್‌ಗೆ ನಟನೆಗೆ ನ್ಯಾಷನಲ್ ಅವಾರ್ಡೇ ಬಂದಿಲ್ಲವಂತೆ. ಹಾಗಾದ್ರೆ ಶ್ರೇಷ್ಠ ಅಂತ ಹೇಗೆ ಹೇಳ್ತೀರಾ?

ಬಂದಿಲ್ಲ, ನಿಜ. ಬಂದಿದ್ದು ಹಾಡಿದ್ದಕ್ಕೆ, ‘ಜೀವನ ಚೈತ್ರ’ದ ಹಾಡಿಗೆ. 1995ರ ಫಾಲ್ಕೆ ಪ್ರಶಸ್ತಿ ಬೇರೆ, ಅದು ಇಡೀ ಜೀವಮಾನಕ್ಕೆ. ಕನ್ನಡದ ಪಾತ್ರಕ್ಕೆ ನ್ಯಾಷನಲ್ ಬೆಸ್ಟ್ ಆಕ್ಟರ್ ತಗೊಂಡ ಗಂಡಸರು ಅಂದ್ರೆ ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್, ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ ಅವಳು’ ಮಾಡಿದ ಸಂಚಾರಿ ವಿಜಯ್, ಮೊನ್ನೆ ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ. ಅವಾರ್ಡ್ ಸಿಗೋದು ಆ ವರ್ಷದ ಒಂದು ಪಾತ್ರಕ್ಕೆ ತಮ್ಮಾ, ಆ ವರ್ಷ ಯಾವ್ಯಾವ ಸಿನಿಮಾ ಕಳ್ಸಿದ್ರು, ಜ್ಯೂರೀಲಿ ಯಾರು ಕೂತಿದ್ರು, ಎಲ್ಲಾ ಸೇರುತ್ತೆ ಅದ್ರಲ್ಲಿ. ಹಂಗಂತ ತಳ್ಳಿಹಾಕೋದಲ್ಲ. ಈ ನಾಲ್ವರಲ್ಲಿ ಇಬ್ಬರ ವಿಷ್ಯ ನಮ್ಮ ಚಿಕ್ಕಮಗಳೂರು ಜಿಲ್ಲೆಗೇ ಸೇರಿದ್ದು.

ತಬರನ ಕಥೆ ಬರ್ದೋರು ಮೂಡಿಗೆರೆಯ ತೇಜಸ್ವಿ. ಪಿಂಚಣಿಗೆ ಆಫೀಸಿಂದ ಆಫೀಸಿಗೆ ಅಲೆಯೋ ಆ ಮುದುಕನ್ನ ಮಾಡಿದ ಚಾರುಹಾಸನ್ ತಮಿಳ್ನಾಡಿನೋರು, ಆದ್ರೆ ನಮ್ಮ ತಾಲ್ಲೂಕು ಕಚೇರಿ ಜಗಲೀಲಿ ಹಳೇ ಕೊಡೆ, ಕಾಗದದ ಕಟ್ಟು ಹಿಡ್ಕೊಂಡು ಕೂತಿರೋ ಯಾರನ್ನಾದ್ರೂ ನೋಡಿ, ತಬರ ನೆನಪಾಗ್ದೇ ಇರಲ್ಲ. ಗುಮಾಸ್ತ ಏನೋ ಹೇಳ್ತಿದ್ರೆ ಅರ್ಥ ಆಗ್ದಿದ್ರೂ ತಲೆ ಆಡಿಸ್ತಾ ನಿಲ್ತಾರಲ್ಲ, ಆ ತಲೆ ಆಡಿಸೋದೇ ಸಾಕು.

ಸಂಚಾರಿ ವಿಜಯ್ ಕಡೂರು ತಾಲ್ಲೂಕಿನ ಪಂಚನಹಳ್ಳಿಯೋರು. 2014ರ ಪ್ರಶಸ್ತಿ ಅವರಿಗೆ ಬಂತು, 2021ರ ಜೂನಲ್ಲಿ ಬೈಕ್ ಆಕ್ಸಿಡೆಂಟಲ್ಲಿ ಹೋಗ್ಬಿಟ್ರು, ಮನೆಯೋರು ಅಂಗಾಂಗ ದಾನ ಮಾಡಿದ್ರು. ಗಂಡಸು ಸೀರೆ ಉಟ್ಟು ಬಂದ್ರೆ ನಗೋದು ನಮ್ಮ ಸಿನಿಮಾದ ಹಳೇ ಚಾಳಿ. ಆ ಪಾತ್ರದಲ್ಲಿ ಒಂದ್ಸಲವೂ ನಗು ಬರಲ್ಲ. ಅವರು ಹೆಣ್ಣಿನ ನಡಿಗೆ ತೋರಿಸೋಕೆ ಹೋಗ್ಲಿಲ್ಲ, ತಾನು ಹೆಣ್ಣು ಅಂತ ಒಳಗೇ ಗೊತ್ತಿದ್ದು ಹೊರಗೆ ಹೇಳೋಕಾಗ್ದೆ ಇರೋರ ಹೆದರಿಕೆ ತೋರಿಸಿದ್ರು. ಇನ್ನೂ ಎಷ್ಟು ಮಾಡ್ತಿದ್ರೋ.

ಚಿಕ್ಕಮಗಳೂರಿಂದ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಓದುಗರು: ಹಳೇ ಸಿನಿಮಾ ನೋಡಿದ್ರೆ ಎಲ್ರೂ ಕಿರುಚ್ತಾರೆ, ಕಣ್ಣು ಅಷ್ಟಗಲ ಬಿಡ್ತಾರೆ. ಅದು ಓವರ್ ಆಕ್ಟಿಂಗ್ ಅಲ್ವಾ?

ಅಲ್ಲ ಅಂತ ಪೂರ್ತಿ ಹೇಳಕ್ಕಾಗಲ್ಲ. ಆದ್ರೆ ಅವರು ಬಂದಿದ್ದು ಎಲ್ಲಿಂದ ನೋಡಿ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಲ್ಲಾ ಕಂಪನಿ ನಾಟಕದಿಂದ ಬಂದೋರು, ಟೆಂಟಿನ ಕೊನೇ ಸಾಲಲ್ಲಿ ಕಡ್ಲೆಕಾಯಿ ತಿನ್ತಾ ಕೂತಿರೋನಿಗೂ ಮಾತು ಮುಟ್ಟಬೇಕಿತ್ತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಆ ವಾಸನೆ ಇದ್ದೇ ಇದೆ. ಪೌರಾಣಿಕ ಅಂದ್ರೆ ಅದಕ್ಕೆ ಒಂದು ಶ್ರುತಿ ಇರುತ್ತೆ, ಹಿರಣ್ಯಕಶಿಪು ಪಿಸುಗುಟ್ಟಿದ್ರೆ ಲೋಕ ಯಾಕೆ ಹೆದರುತ್ತೆ ಹೇಳಿ. ಸಿನಿಮಾ ಯಾವ ಶ್ರುತೀಲಿದೆಯೋ ಆ ಶ್ರುತೀಲಿ ನಟ ನಿಂತಿದಾನಾ ಅಂತ ನೋಡ್ಬೇಕು, ಅದನ್ನ ಮೀರಿ ಇವನೊಬ್ಬನೇ ಕಿರುಚಿದ್ರೆ ಅದು ಓವರ್. ‘ಬಭ್ರುವಾಹನ’ ಬಂದ 1977ರಲ್ಲೇ ‘ಸನಾದಿ ಅಪ್ಪಣ್ಣ’ವೂ ಬಂತು. ಒಂದರಲ್ಲಿ ಅರ್ಜುನ ಬಭ್ರುವಾಹನ ಎರಡೂ ರಾಜ್‌ಕುಮಾರೇ ಆಗಿ ಗುಡುಗ್ತಾರೆ, ಇನ್ನೊಂದರಲ್ಲಿ ಊರಿನ ಒಬ್ಬ ವಾಲಗದವನು. ಶಹನಾಯಿ ನುಡಿಸಿದ್ದು ಉಸ್ತಾದ್ ಬಿಸ್ಮಿಲ್ಲಾ ಖಾನ್, ತೆರೆ ಮೇಲೆ ಊದಿದ್ದು ರಾಜ್‌ಕುಮಾರ್. ಕೆನ್ನೆ ಉಬ್ಬೋದು, ಬೆರಳು ತೂತಿನ ಮೇಲೆ ಏಳೋದು ಬೀಳೋದು, ಉಸಿರು ತಗೊಳ್ಳೋಕೆ ಕೊಳವೆ ತುಟಿಯಿಂದ ಸ್ವಲ್ಪ ಜಾರೋದು, ಇಷ್ಟನ್ನೂ ನೋಡಿದ್ಮೇಲೆ ನಿಮ್ಮ ಓವರ್ ಅನ್ನೋ ಮಾತು ಎಲ್ಲಿ ನಿಲ್ಲುತ್ತೆ ನೋಡಿ.

ಮೆಲ್ಲಗೆ ಮಾತಾಡಿದ ತಕ್ಷಣ ಸಹಜ ನಟನೆ ಅಂತಲೂ ಅಲ್ಲ. ಈಗ ಬರೋ ಎಷ್ಟೋ ಹುಡುಗ್ರು ಗಡ್ಡ ಬಿಟ್ಕೊಂಡು ಗೊಣಗಿದ್ರೆ ಆಯ್ತು ಅನ್ಕೊಂಡಿದಾರೆ. ಕಡೂರಿನವರು ಅನಂತ್‌ನಾಗ್ ಹೆಸರು ಹೇಳಿ ಮನೇಲಿ ಬೈಸ್ಕೊಂಡ್ರಲ್ಲ, ಅವರಿಗೂ ಇಲ್ಲೇ ನ್ಯಾಯ ಸಿಗ್ಲಿ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ವಿನಲ್ಲಿ ಮರೆವಿನ ಕಾಯಿಲೆ ಅಪ್ಪ. ಕಾಯಿಲೆ ಪಾತ್ರ ಅಂದ್ರೆ ನಟರಿಗೆ ಹಬ್ಬ, ಕೈ ನಡುಗ್ಸೋದು, ಬಾಯಿ ಸೊಟ್ಟ ಮಾಡೋದು. ಅವರು ಏನೂ ಮಾಡಲ್ಲ. ಪೂರ್ತಿ ಆರೋಗ್ಯವಾಗಿರೋರ ಹಂಗೆ ಮಾತು ಶುರು ಮಾಡ್ತಾರೆ, ಮಧ್ಯ ಎಲ್ಲೋ ಕಣ್ಣಲ್ಲಿ ದಾರಿ ತಪ್ಪುತ್ತೆ. ಎದುರಿನವರು ಯಾರು ಅಂತ ಗೊತ್ತಾಗ್ದೇ ಇದ್ರೂ ಮರ್ಯಾದೆಗೆ ನಗ್ತಾರಲ್ಲ, ಅದು ಮನೇಲಿ ಅಂಥ ಹಿರಿಯರನ್ನ ನೋಡ್ಕೊಂಡೋರಿಗೆ ಚೆನ್ನಾಗಿ ಗೊತ್ತು.

ಬೇಲೂರಿಂದ ಒಬ್ಬ ಗೃಹಿಣಿ: ಶ್ರೇಷ್ಠ ನಟ ಅಂದ ಕೂಡ್ಲೆ ಎಲ್ರೂ ಗಂಡಸರ ಹೆಸರೇ ಹೇಳ್ತೀರ. ನಮ್ಮ ಕಲ್ಪನಾ ಎಲ್ಲಿ ಹೋದ್ರು?

ಎಲ್ಲೂ ಹೋಗಿಲ್ಲ ಮೇಡಂ, ಪಟ್ಟಿ ಮಾಡೋರು ಗಂಡಸರು, ಅಷ್ಟೇ. ಅಭಿಮಾನಿ ಸಂಘ, ಕಟೌಟು, ಹಾಲಿನ ಅಭಿಷೇಕ ಎಲ್ಲಾ ಹೀರೋಗಳಿಗೆ ಮಾತ್ರ, ಹಾಗಾಗಿ ಹೆಂಗಸರ ಪರವಾಗಿ ಕೂಗೋರು ಕಮ್ಮಿ. ‘ಶರಪಂಜರ’ದಲ್ಲಿ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದ ಕಾವೇರೀನ ಎಲ್ರೂ ಅನುಮಾನದಿಂದಲೇ ನೋಡ್ತಾರೆ, ಆಕೆ ಒಬ್ಬೊಬ್ಬರ ಮುಖದಲ್ಲೂ ‘ಇವಳಿಗೆ ಹುಚ್ಚು’ ಅನ್ನೋದನ್ನ ಓದ್ಕೊತಾ ಹೋಗ್ತಾಳೆ. ಯಾರೂ ಬಾಯಿಬಿಟ್ಟು ಹೇಳಿರಲ್ಲ. ಹೇಳ್ದಿರೋ ಮಾತನ್ನ ಕೇಳಿಸ್ಕೊಂಡಿದ್ದು ಕಲ್ಪನಾ. ಡೈಲಾಗ್ ಎಳೀತಾರೆ ಅಂತ ಆಗಲೂ ಕೆಲವ್ರು ಅಂತಿದ್ರು, ಎಳೀತಾರೆ ಹೌದು, ಆ ಪಾತ್ರ ಬೇರೆ ಯಾರು ಮಾಡ್ತಿದ್ರು ಹೇಳಿ.

ಉಮಾಶ್ರೀನೂ ಸೇರಿಸ್ಕೊಳ್ಳಿ. ಎನ್.ಎಸ್. ರಾವ್ ಜೊತೆ ಡಬ್ಬಲ್ ಮೀನಿಂಗ್ ಕಾಮಿಡಿ ಮಾಡ್ತಾರೆ ಅಂತ ವರ್ಷಾನುಗಟ್ಲೆ ಮೂಗು ಮುರಿದೋರೇ ಜಾಸ್ತಿ. 2008ರ ‘ಗುಲಾಬಿ ಟಾಕೀಸ್’ಗೆ ನ್ಯಾಷನಲ್ ಅವಾರ್ಡ್ ಬಂತು. ಸಿನಿಮಾ ಹುಚ್ಚಿನ ಸೂಲಗಿತ್ತಿ ಪಾತ್ರ, ಅಂದ್ರೆ ನೋಡ್ತಾ ಕೂರೋದೇ ಆ ಪಾತ್ರದ ಅರ್ಧ ಕೆಲ್ಸ. ಬೇರೆಯೋರ ಕಥೆ ನೋಡ್ತಾ ಕೂತ ಒಬ್ಬ ಹೆಂಗಸಿನ ಮುಖ ನೋಡಿಸ್ಕೊಂಡು ಹೋಗ್ಬೇಕು, ಕಷ್ಟ ಅದು. ಹಳೇ ಕಾಮಿಡೀಲಿ ಕಲ್ತ ಟೈಮಿಂಗೇ ಅಲ್ಲಿ ಕೆಲ್ಸಕ್ಕೆ ಬಂದಿದೆ ಅಂತ ನನ್ನ ಅನಿಸಿಕೆ.

ಕಳಸಾಪುರದಿಂದ ಹಿರಿಯ ಓದುಗರು: ‘ಭೂತಯ್ಯನ ಮಗ ಅಯ್ಯು’ ನಮ್ಮೂರಲ್ಲೇ ತೆಗೆದಿದ್ದು. ಅದ್ರಲ್ಲಿ ಎಲ್ರೂ ದೊಡ್ಡ ನಟರೇ. ಸಣ್ಣ ಪಾತ್ರ ಮಾಡೋರನ್ನ ಶ್ರೇಷ್ಠರು ಅನ್ನಬಹುದಾ?

ಅನ್ನಬಹುದು ಯಜಮಾನ್ರೇ, ಅದಕ್ಕೆ ಸಾಕ್ಷಿ ನಿಮ್ಮೂರಲ್ಲೇ ಸಿಕ್ಕಿದ್ಯಲ್ಲ. 1974ರ ಸಿನಿಮಾ, ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಭೂತಯ್ಯ ಆಗಿ ಎಂ.ಪಿ. ಶಂಕರ್, ಗುಳ್ಳ ಆಗಿ ವಿಷ್ಣುವರ್ಧನ್, ಅಯ್ಯು ಆಗಿ ಲೋಕೇಶ್. ಲೋಕೇಶ್ ಬಗ್ಗೆ ಬರೆಯೋಕೆ ಕೂತ್ರೆ ಜಾಗ ಸಾಲಲ್ಲ, ಸತ್ತ ಅಪ್ಪನ ಹೆಣ ಎತ್ತೋಕೂ ಊರಿನ ಯಾರೂ ಬರ್ದೇ ಇದ್ದಾಗ ಆ ಮಗನ ಮುಖದಲ್ಲಿ ಸಿಟ್ಟೂ ಅವಮಾನವೂ ಒಟ್ಟಿಗೇ ನಿಂತಿರುತ್ತೆ. ಆದ್ರೆ ಸಂತೇಲಿ ಯಾರನ್ನ ಬೇಕಾದ್ರೂ ಆ ಸಿನಿಮಾದ ಒಂದು ಸೀನ್ ಹೇಳಿ ಅಂತ ಕೇಳಿ, ಉಪ್ಪಿನಕಾಯಿ ಅಂತಾರೆ. ಲೋಕನಾಥ್ ಉಪ್ಪಿನಕಾಯಿ ನೆಕ್ಕೋದು. ಎಷ್ಟು ಹೊತ್ತಿನ ಸೀನ್ ಅದು? ನೋಡೋರ ಬಾಯಲ್ಲಿ ನೀರು ಬರುತ್ತೆ, ಜೊತೆಗೆ ಆ ಮನುಷ್ಯಂಗೆ ಎಷ್ಟು ದಿನದ ಆಸೆ ಇದು ಅಂತಲೂ ಗೊತ್ತಾಗ್ಬಿಡುತ್ತೆ. ಆಮೇಲೆ ಜೀವಮಾನ ಪೂರ್ತಿ ಜನ ಅವರನ್ನ ಆ ಉಪ್ಪಿನಕಾಯಿಂದಲೇ ಗುರುತು ಹಿಡಿದ್ರು.

ಹೆಸರು, ಊರು ಹಾಕ್ದೇ ಇರೋ ಅಭಿಮಾನಿ: ನಮ್ ಬಾಸ್ ಹೆಸರು ಈ ಪಟ್ಟೀಲಿ ಇಲ್ದಿದ್ರೆ ಪತ್ರಿಕೆ ತಗೊಳ್ಳೋದೇ ನಿಲ್ಲಿಸ್ತೀವಿ.

ಯಾವ ಬಾಸ್ ಅಂತ ನೀವು ಬರ್ದೇ ಇಲ್ಲ ಸ್ವಾಮಿ.

ತರೀಕೆರೆಯಿಂದ ಒಬ್ಬ ಪಿಯು ವಿದ್ಯಾರ್ಥಿನಿ: ನನಗೆ ಹಳೇ ಸಿನಿಮಾ ಅಭ್ಯಾಸ ಇಲ್ಲ ಅಂಕಲ್. ಎಲ್ಲಿಂದ ಶುರು ಮಾಡ್ಲಿ?

ಕಪ್ಪು ಬಿಳುಪು ನೋಡೋಕೆ ಬೇಜಾರಾದ್ರೆ ‘ಗೋಧಿ ಬಣ್ಣ’ದಿಂದ ಶುರು ಮಾಡಮ್ಮ, ಆಮೇಲೆ ‘ನಾನು ಅವನಲ್ಲ ಅವಳು’, ಆಮೇಲೆ ‘ಭೂತಯ್ಯನ ಮಗ ಅಯ್ಯು’. ಕಸ್ತೂರಿ ನಿವಾಸ ಮಾತ್ರ ಮೊಬೈಲಲ್ಲಿ ಅರ್ಧರ್ಧ ನೋಡ್ಬೇಡ, ಮನೇಲಿ ಅಜ್ಜಿ ತಾತ ಇದ್ರೆ ಅವರ ಜೊತೆ ಕೂತು ಟಿವೀಲಿ ನೋಡು. ಪರೀಕ್ಷೆ ಮುಗಿದ್ಮೇಲೆ.