ಹೆಲಿಕಾಪ್ಟರಲ್ಲಿ ಮರ ಎತ್ತಿದ್ರೆ ಹಳೇ ಕಾಡಿಗೆ ಹಾನಿ ಇಲ್ವಾ?

ಪ್ರಶ್ನೆ: ಸರ್, ನಾವು ಕೆನಡಾದ ವ್ಯಾಂಕೂವರಲ್ಲಿ ಇದೀವಿ. ವ್ಯಾಂಕೂವರ್ ದ್ವೀಪದ ಪಶ್ಚಿಮ ಕರಾವಳಿಗೆ ಹೋದಾಗ ಒಂದು ದೊಡ್ಡ ಹೆಲಿಕಾಪ್ಟರ್ ಕಡಿದಾದ ಗುಡ್ಡದಿಂದ ದಿಮ್ಮಿ ನೇತಾಡಿಸ್ಕೊಂಡು ಬಂದು ಸಮುದ್ರಕ್ಕೆ ಹಾಕ್ತಿತ್ತು. ಜೊತೆಲಿದ್ದವರು "ರೋಡೇ ಮಾಡಲ್ಲ, ಕಾಡಿಗೆ ಏನೂ ಆಗಲ್ಲ" ಅಂದ್ರು. ನಿಜಾನಾ?

ಉತ್ತರ: ರೋಡಿನ ವಿಷಯ ನಿಜ, ಮತ್ತೆ ಅದು ಸಣ್ಣ ವಿಷಯ ಅಲ್ಲವೇ ಅಲ್ಲ. ಕಡಿದಾದ ಜಾಗದಲ್ಲಿ ಲಾರಿ ರಸ್ತೆ ಮಾಡ್ಬೇಕಂದ್ರೆ ಗುಡ್ಡ ಕೊರೆದು ಆ ಮಣ್ಣನ್ನ ಕೆಳಗಿನ ಇಳಿಜಾರಿಗೆ ತಳ್ತಾರೆ, ಅಲ್ಲಲ್ಲಿ ಮೋರಿ ಹಾಕಿ ನೀರಿನ ದಾರಿ ತಿರುಗಿಸ್ತಾರೆ, ಒಂದು ಜೋರು ಮಳೆಗೆ ಮೋರಿ ಕಟ್ಕೊಂಡ್ರೆ ರಸ್ತೆ ಸಮೇತ ಎಲ್ಲ ಜಾರಿ ಹೊಳೆಗೆ ಬಂದು ಬೀಳುತ್ತೆ, ಸಾಲ್ಮನ್ ಮೀನು ಮೊಟ್ಟೆ ಇಡೋ ಜಲ್ಲಿ ಮೇಲೆ ಹೂಳು ಕೂರುತ್ತೆ. ಹೆಲಿಕಾಪ್ಟರ್ ತಂದ್ರೆ ಈ ರಸ್ತೆ ಬಹಳಷ್ಟು ಬೇಡ, ದಿಮ್ಮಿನ ನೆಲದ ಮೇಲೆ ಎಳೆಯೋದೂ ಇಲ್ಲ.

ಆದ್ರೆ ಖರ್ಚು ನೋಡಿ. ಈ ಕೆಲಸಕ್ಕೆ ಹೆಸರಾದ ಸ್ಕೈಕ್ರೇನ್ ಅನ್ನೋ ಹೆಲಿಕಾಪ್ಟರ್ ಗಂಟೆಗೆ ಸುಮಾರು 2000 ಲೀಟರ್ ಇಂಧನ ಕುಡಿಯುತ್ತೆ, ಒಂದು ಸಲಕ್ಕೆ ಎತ್ತೋದು ಮಾಡೆಲ್ ನೋಡ್ಕೊಂಡು ಹೆಚ್ಚಂದ್ರೆ 9ರಿಂದ 11 ಟನ್. ಅದಕ್ಕೆ ಮರ ಉರುಳಿಸಿದವರು ದಿಮ್ಮಿ ತುಂಡು ಮಾಡೋವಾಗ್ಲೇ ತೂಕ ಲೆಕ್ಕ ಹಾಕಿ ಗರಗಸ ಇಡ್ತಾರೆ. ಇಳಿಜಾರಲ್ಲಿ ನಿಂತ ಕೆಲಸಗಾರ ಉಕ್ಕಿನ ಹಗ್ಗ ಸುತ್ತಿದ ದಿಮ್ಮಿನ, ಹೆಲಿಕಾಪ್ಟರಿಂದ ಇಳಿಬಿಟ್ಟ ಉದ್ದ ಹಗ್ಗದ ಕೊಕ್ಕೆಗೆ ಸಿಕ್ಕಿಸಿ ಪಕ್ಕಕ್ಕೆ ಓಡ್ತಾನೆ, ಪೈಲಟ್ ಕಿಟಕಿಯಿಂದ ನೇರ ಕೆಳಗೆ ನೋಡ್ತಾ ಎತ್ತುತ್ತಾನೆ, ಭಾರ ಜಾಸ್ತಿ ಅನ್ಸಿದ್ರೆ ಬಟನ್ ಒತ್ತಿ ಅಲ್ಲೇ ಬಿಟ್ಟುಬಿಡ್ತಾನೆ. ಹೋಗಿ ಬರೋದು ಕೆಲವೇ ನಿಮಿಷ, ಯಾಕಂದ್ರೆ ಪ್ರತಿ ನಿಮಿಷಕ್ಕೂ ದುಡ್ಡು.

ಅಷ್ಟು ದುಡ್ಡು ವಾಪಸ್ ಬರ್ಬೇಕಂದ್ರೆ ಸಾಧಾರಣ ಮರ ಎತ್ತಿದ್ರೆ ಆಗಲ್ಲ. ರೆಡ್ ಸೀಡರ್, ಯೆಲ್ಲೋ ಸೀಡರ್, ದೊಡ್ಡ ಡಗ್ಲಸ್ ಫರ್, ಅಂದ್ರೆ ಕಾಡಿನಲ್ಲಿರೋ ಅತಿ ಹಳೇ, ಅತಿ ಬೆಲೆಯ ಮರಗಳ ಮೇಲೇ ಕಣ್ಣು ಬೀಳುತ್ತೆ. ನೀವಿರೋ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ಕರಾವಳಿಲಿ 250 ವರ್ಷ ದಾಟಿದ ಮರಗಳ ಕಾಡನ್ನ ಹಳೇ ಕಾಡು ಅಂತ ಲೆಕ್ಕ ಹಿಡೀತಾರೆ. ನನ್ನ ದೊಡ್ಡ ತಕರಾರು ಇದೇ: ರಸ್ತೆ ಹೋಗಲಾರದ ಕಾರಣಕ್ಕೇ ಇಷ್ಟು ದಿನ ಬಚಾವಾಗಿದ್ದ ಗುಡ್ಡಗಳಿಗೆ ಈಗ ಆಕಾಶದಿಂದ ದಾರಿ ಸಿಕ್ಕಿಬಿಟ್ಟಿದೆ. ಮಾರ್ಬಲ್ಡ್ ಮರ್ರೆಲೆಟ್ ಅನ್ನೋ ಕಡಲಹಕ್ಕಿ ಅಂಥಾ ಹಳೇ ಮರದ ಅಗಲವಾದ ಕೊಂಬೆ ಮೇಲೆ, ಪಾಚಿ ಹಾಸಿನಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತೆ, ಎಳೇ ಮರದಲ್ಲಿ ಆ ಕೊಂಬೆ ಎಲ್ಲಿ ಬರ್ಬೇಕು? ಇನ್ನೊಂದು, ಹೆಲಿಕಾಪ್ಟರ್ ರೆಕ್ಕೆಯ ಗಾಳಿಗೆ ಒಣಮರ ಮುರಿದು ಕೆಲಸಗಾರರ ಮೇಲೆ ಬೀಳೋ ಅಪಾಯ ಇರೋದ್ರಿಂದ ಅಂಥವನ್ನ ಮೊದಲೇ ಕೆಡವಬೇಕಾಗುತ್ತೆ. ಅದು ಕೆಲಸಗಾರರ ಜೀವದ ಪ್ರಶ್ನೆ, ತಪ್ಪು ಅನ್ನಕ್ಕಾಗಲ್ಲ, ಆದ್ರೆ ಮರಕುಟಿಗದ ಗೂಡೂ ಅದರ ಜೊತೆ ಹೋಗುತ್ತೆ.

ಹಾಗಂತ ಹೆಲಿಕಾಪ್ಟರೇ ಕೆಟ್ಟದ್ದು ಅಂತಲ್ಲ. ಅದೇ ವ್ಯಾಂಕೂವರ್ ದ್ವೀಪದ ಕ್ಲಾಕ್ವಾಟ್ ಸೌಂಡ್ ಅನ್ನೋ ಕರಾವಳಿ ಜಾಗದಲ್ಲಿ 1993ರಲ್ಲಿ ಮರ ಕಡಿಯೋದನ್ನ ತಡೆಯೋಕೆ ನಿಂತ 800ಕ್ಕೂ ಹೆಚ್ಚು ಜನ ಅರೆಸ್ಟ್ ಆದ್ರು, ಆಮೇಲೆ ಸರ್ಕಾರ ನೇಮಿಸಿದ ವೈಜ್ಞಾನಿಕ ಸಮಿತಿ 1995ರಲ್ಲಿ, ಪೂರ್ತಿ ಬೋಳಿಸೋದು ನಿಲ್ಲಿಸಿ, ಸೂಕ್ಷ್ಮ ಜಾಗಗಳಲ್ಲಿ ಕನಿಷ್ಠ 70% ಕಾಡು ಹಾಗೇ ಉಳಿಸಿ ಅಂತು. ಹಾಗೆ ಅಲ್ಲೊಂದು ಇಲ್ಲೊಂದು ಮರ ತೆಗಿಯೋಕೆ ಹೆಲಿಕಾಪ್ಟರೇ ಸರಿ. ನಿಂತ ಮರಕ್ಕೇ ಆಳು ಹತ್ತಿ ಕೊಂಬೆ, ತುದಿ ಸವರಿ, ಬುಡ ಬಹುಪಾಲು ಕೊಯ್ದಿಟ್ಟು, ಮೇಲಿಂದ ಹಿಡಿದು ನೆಟ್ಟಗೆ ಎತ್ತಿಕೊಳ್ಳೋ ಪದ್ಧತಿನೂ ಅಲ್ಲಿದೆ. ಅಕ್ಕಪಕ್ಕದ ಮರಕ್ಕೆ ಏಟು ತುಂಬಾ ಕಮ್ಮಿ. ಹಾಗಾಗಿ ನಿಮ್ಮ ಜೊತೆಯವರನ್ನ ಕೇಳ್ಬೇಕಾದ್ದು, ದಿಮ್ಮಿ ಹೆಂಗೆ ಹೊರಗೆ ಬಂತು ಅಂತಲ್ಲ, ಗುಡ್ಡದ ಮೇಲೆ ಯಾವ ಮರ ಉಳಿಸಿದ್ರು, ಎಷ್ಟು ಉಳಿಸಿದ್ರು ಅಂತ.

ಪ್ರಶ್ನೆ: ರಸ್ತೆ ಇಲ್ದಿದ್ರೆ ಗುಡ್ಡ ಕುಸಿಯೋ ಭಯ ಇಲ್ಲ ತಾನೇ?

ಉತ್ತರ: ಇದೆ. ಇಳಿಜಾರಿನ ಮಣ್ಣು ಹಿಡಿದಿರೋದು ಬೇರು. ಮರ ಕಡಿದ ಕೂಡ್ಲೇ ಬೇರು ಸಾಯಲ್ಲ, ನಿಧಾನಕ್ಕೆ ಕೊಳೆಯುತ್ತೆ, ಹೊಸ ಗಿಡದ ಬೇರು ಗಟ್ಟಿ ಆಗೋಕೆ ವರ್ಷಗಳು ಬೇಕು. ಅದಕ್ಕೇ ಕಡಿದು 3ರಿಂದ 15 ವರ್ಷದ ಒಳಗೆ ಕುಸಿತದ ಅಪಾಯ ಜಾಸ್ತಿ, ಹೆಲಿಕಾಪ್ಟರಲ್ಲಿ ಎತ್ತಿದ್ರೂ ಈ ಲೆಕ್ಕ ಬದಲಾಗಲ್ಲ. ಕಡಿದ ಮೊದಲ ಎರಡು ಮಳೆಗಾಲ ಏನೂ ಆಗ್ಲಿಲ್ಲ ಅಂತ ಆ ಗುಡ್ಡದ ಕೆಳಗೆ ಮನೆ ಕಟ್ಟೋಕೆ ಹೋಗ್ಬೇಡಿ.