ಡೌನ್ ಸಿಂಡ್ರೋಮ್: ಶಾಲೆ, ನೆರೆಹೊರೆ, ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಒಂದನೇ ತರಗತಿಗೆ ಡೌನ್ ಸಿಂಡ್ರೋಮ್ ಇರುವ ಹುಡುಗಿ ಸೇರಿದ್ದಾಳೆ. ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಆಟದ ನಂತರ ನೆಲದ ಮೇಲೆ ಕೂತರೆ ಏಳುವುದೇ ಇಲ್ಲ. ವಿಶೇಷ ಶಾಲೆಗೆ ಸೇರಿಸಿ ಎಂದು ಪೋಷಕರಿಗೆ ಹೇಳಬಹುದೇ?
— ಶಿಕ್ಷಕಿ, ಹಾವೇರಿ ಜಿಲ್ಲೆ

ಸಲಹೆ ಕೊಡಬಹುದು, ಕಳಿಸುವಂತಿಲ್ಲ. ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಕೊಟ್ಟಿದೆ.

ಮೊದಲು ಕಿವಿ ಪರೀಕ್ಷೆ ಮಾಡಿಸಲು ಹೇಳಿ. ಡೌನ್ ಸಿಂಡ್ರೋಮ್ ಹುಟ್ಟಿನಿಂದಲೇ ಇರುವ, ಕಲಿಕೆ ಮತ್ತು ಬೆಳವಣಿಗೆಯನ್ನು ನಿಧಾನವಾಗಿಸುವ ಸ್ಥಿತಿ. ಈ ಮಕ್ಕಳ ನಡುಗಿವಿಯಲ್ಲಿ ಆಗಾಗ ದ್ರವ ತುಂಬುತ್ತದೆ. ನಿನ್ನೆ ಕೇಳಿಸಿದ್ದು ಇವತ್ತು ಕೇಳಿಸದಿರಬಹುದು. ನಮಗದು ಹಟದಂತೆ ಕಾಣುತ್ತದೆ. ಮುಂದಿನ ಸಾಲಿನಲ್ಲಿ ಕೂರಿಸಿ. ಸ್ನಾಯುಗಳ ಬಿಗುವು ಕಡಿಮೆ ಇರುವುದರಿಂದ, ಬೆಂಚಿನಿಂದ ಕಾಲು ಇಳಿಬಿದ್ದರೆ ನೆಟ್ಟಗೆ ಕೂರುವುದರಲ್ಲೇ ಸುಸ್ತಾಗುತ್ತಾಳೆ. ಪಾದದಡಿ ಒಂದು ಮಣೆ ಇಟ್ಟರೆ ಸಾಕು. ತೆಳು ಪೆನ್ಸಿಲ್ ಗೆರೆ ಸರಿಯಾಗಿ ಕಾಣದು, ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದುಕೊಡಿ.

"ಚೀಲ ತೆಗೆ, ಪುಸ್ತಕ ಬಿಡಿಸು, ಹನ್ನೆರಡನೇ ಪುಟ ನೋಡು" ಎಂದರೆ ಮೂರು ಕೆಲಸ. ಒಂದೊಂದಾಗಿ, ಕೈಸನ್ನೆಯೊಂದಿಗೆ ಹೇಳಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಾವು ಎರಡೇ ಕ್ಷಣಕ್ಕೆ ಪ್ರಶ್ನೆಯನ್ನು ಬೇರೆ ರೀತಿ ಕೇಳಿಬಿಡುತ್ತೇವೆ, ಅವಳು ಮತ್ತೆ ಮೊದಲಿನಿಂದ ಯೋಚಿಸಬೇಕಾಗುತ್ತದೆ.

ನೆಲದ ಮೇಲೆ ಕೂರುವುದು ಹೆಚ್ಚಾಗಿ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವಾಗ. ಪ್ರಾರ್ಥನೆ, ಪಾಠ, ಬಿಸಿಯೂಟ, ಆಟ, ಮನೆ: ದಿನದ ಕ್ರಮವನ್ನು ಚಿತ್ರಪಟ್ಟಿಯಾಗಿ ಗೋಡೆಗೆ ಅಂಟಿಸಿ. ಆಟ ಮುಗಿಯುವ ಎರಡು ನಿಮಿಷ ಮೊದಲೇ ಮುಂದಿನ ಚಿತ್ರ ತೋರಿಸಿ, ಹಾಜರಿ ಪುಸ್ತಕ ಒಯ್ಯುವಂಥ ಕೆಲಸ ಕೊಡಿ. ತೋಳು ಹಿಡಿದು ಎಳೆಯಬೇಡಿ: ಕೀಲುಗಳು ಸಡಿಲ, ನೋವಾಗಬಹುದು, ಉಳಿದ ಮಕ್ಕಳಿಗೆ ಅದೊಂದು ತಮಾಷೆಯೂ ಆಗುತ್ತದೆ.

ಓದಿಸಲು ಕಾಗುಣಿತ ಮುಗಿಯಲಿ ಎಂದು ಕಾಯಬೇಡಿ. ಈ ಮಕ್ಕಳು ಕೇಳಿದ್ದಕ್ಕಿಂತ ನೋಡಿದ್ದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ. ಅವಳ ಹೆಸರು, ಅಮ್ಮ, ಅನ್ನ, ಗೆಳತಿಯರ ಹೆಸರು ಹೀಗೆ ಐದಾರು ಕಾರ್ಡ್ ಮಾಡಿ. ಮೊದಲು ಜೋಡಿಸಲಿ, ಆಮೇಲೆ ಹೇಳಿದ್ದನ್ನು ಆರಿಸಲಿ, ಬಾಯಲ್ಲಿ ಹೇಳುವುದು ಕೊನೆಗೆ.

ಒಂದು ಎಚ್ಚರಿಕೆ: ಕೆಲವರಿಗೆ ಕತ್ತಿನ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲವಾಗಿರುತ್ತದೆ. ವೈದ್ಯರನ್ನು ಕೇಳದೆ ಲಾಗ ಹಾಕಿಸಬೇಡಿ. ನಡಿಗೆ ಬದಲಾದರೆ, ಕತ್ತು ವಾಲಿದರೆ, ಹಿಡಿತಕ್ಕೆ ಬಂದಿದ್ದ ಮೂತ್ರ ಮತ್ತೆ ತಪ್ಪತೊಡಗಿದರೆ ಅಂದೇ ತೋರಿಸಬೇಕು.

ಪ್ರಶ್ನೆ: ಪಕ್ಕದ ಮನೆಯ ಕೂಸಿಗೆ ಡೌನ್ ಸಿಂಡ್ರೋಮ್ ಇದೆಯಂತೆ. ಸೋದರಮಾವನ ಜೊತೆ ಮದುವೆ ಆಗಿದ್ದಕ್ಕೆ ಎನ್ನುತ್ತಾರೆ ಕೆಲವರು, ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ ಎನ್ನುತ್ತಾರೆ ಇನ್ನು ಕೆಲವರು.
— ಓದುಗರು, ತಿಪಟೂರು

ಎರಡೂ ಅಲ್ಲ. ಜೀವಕೋಶಗಳಲ್ಲಿ ವಂಶವಾಹಿಗಳನ್ನು ಹೊತ್ತ ಎಳೆಗಳೇ ಕ್ರೋಮೋಸೋಮ್‌ಗಳು; ಅವುಗಳಲ್ಲಿ 21ನೆಯದು ಎರಡರ ಬದಲು ಮೂರು ಬಂದಿರುತ್ತದೆ, ಅಷ್ಟೆ. ರಕ್ತಸಂಬಂಧದ ಮದುವೆಯಿಂದ ಬೇರೆ ಕೆಲವು ಆನುವಂಶಿಕ ಕಾಯಿಲೆಗಳ ಸಂಭವ ಹೆಚ್ಚುತ್ತದೆ ನಿಜ, ಇದು ಆ ಪಟ್ಟಿಯದ್ದಲ್ಲ. ತಾಯಿಯ ವಯಸ್ಸು ಏರಿದಂತೆ ಸಾಧ್ಯತೆ ಏರುತ್ತದೆ: 35ಕ್ಕೆ ಸುಮಾರು 350ರಲ್ಲಿ ಒಂದು, 40ಕ್ಕೆ 100ರಲ್ಲಿ ಒಂದು. ಮಗುವಿನ ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳನ್ನು ನೋಡುವ) ಪರೀಕ್ಷೆ ಆಗಿರಲಿ. ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಕಾಣುವ ಟ್ರಾನ್ಸ್‌ಲೊಕೇಶನ್ (ಹೆಚ್ಚಿನ 21ನೇ ಕ್ರೋಮೋಸೋಮ್ ಬೇರೊಂದಕ್ಕೆ ಅಂಟಿಕೊಂಡಿರುವ) ಬಗೆಯಾದರೆ ತಂದೆ ತಾಯಿಯೂ ಪರೀಕ್ಷಿಸಿಕೊಳ್ಳಬೇಕು.

ನೀವು ಬಾಣಂತಿ ನೋಡಲು ಹೋಗಿ, ಕೂಸನ್ನು ಎತ್ತಿಕೊಳ್ಳಿ. "ಪಾಪ" ಎನ್ನುವ ಬದಲು "ಹೃದಯದ ಎಕೋ ಆಯಿತಾ, ಥೈರಾಯ್ಡ್ ನೋಡಿದರಾ?" ಎಂದು ಕೇಳಿ. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷ ಇರುತ್ತದೆ; ಹೊರಗೆ ಏನೂ ಕಾಣದೆಯೂ ಇರಬಹುದು.

ಪ್ರಶ್ನೆ: ವಿಶ್ವ ಡೌನ್ ಸಿಂಡ್ರೋಮ್ ದಿನವಾದ ಮಾರ್ಚ್ 21ಕ್ಕೆ ನಮ್ಮ ಯುವಕ ಸಂಘದಿಂದ ಜಾಗೃತಿ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಊರಿನ ಇಬ್ಬರು ಮಕ್ಕಳಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ.
— ಕಾರ್ಯದರ್ಶಿ, ಸಾಗರ ತಾಲ್ಲೂಕು

ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವ ಸನ್ಮಾನ ಕೈಬಿಡಿ. ಏನೂ ಮಾಡದವರಿಗೆ ಸನ್ಮಾನ ಎಂದರೆ ಅದು ಪ್ರದರ್ಶನವೇ. ಬಂದವರಿಗೆ ಪಾನಕ ಕೊಡುವ, ಕುರ್ಚಿ ಹಾಕುವ ಕೆಲಸಕ್ಕೆ ಅವರನ್ನೂ ಸೇರಿಸಿಕೊಳ್ಳಿ. ಧ್ವನಿವರ್ಧಕದ ಅಬ್ಬರ ಹಲವರಿಗೆ ಸಹಿಸದು, ಶಬ್ದ ತಗ್ಗಿಸಿ. ಭಾಷಣ ಇಪ್ಪತ್ತು ನಿಮಿಷ ಮೀರದಿರಲಿ.

ಉಳಿದ ಹೊತ್ತಿನಲ್ಲಿ ಒಂದು ಮೇಜು ಹಾಕಿ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡ್‌ಗೆ ಆನ್‌ಲೈನ್ ಅರ್ಜಿ ತುಂಬಿಸಿಕೊಡಿ; ಆಧಾರ್, ಫೋಟೋ ತರಲು ಮೊದಲೇ ತಿಳಿಸಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯ ಮಾಹಿತಿಯನ್ನೂ ಕೊಡಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನು ಮರೆಯದೆ ಕರೆಯಿರಿ.

ಪ್ರಶ್ನೆ: ನಮ್ಮ ಬೇಕರಿಯಲ್ಲಿ 22 ವರ್ಷದ ಯುವಕನಿಗೆ ಕೆಲಸ ಕೊಡುವ ಯೋಚನೆ ಇದೆ.
— ಮಾಲೀಕರು, ಮೈಸೂರು

ಪ್ಯಾಕಿಂಗ್‌ನಿಂದ ಶುರು ಮಾಡಿ. ಟ್ರೇ ತಳದ ಹಾಳೆಯಲ್ಲಿ ಹನ್ನೆರಡು ವೃತ್ತ ಬರೆದಿಟ್ಟರೆ ಎಣಿಸುವ ಗೋಜಿಲ್ಲ. ವೃತ್ತ ತುಂಬಿತೆಂದರೆ ಡಬ್ಬಿಗೆ. ಕೆಲಸ ಹೇಳುವವರು ಒಬ್ಬರೇ ಇರಲಿ. ಡಬ್ಬಿ, ಟೇಪಿನ ಜಾಗ ಬದಲಿಸಿದ ದಿನ, ಹಬ್ಬದ ನೂಕುನುಗ್ಗಲಿನ ದಿನ ಗೊಂದಲವಾಗುತ್ತದೆ. ಅಂಥ ದಿನಗಳ ಬಗ್ಗೆ ಹಿಂದಿನ ದಿನವೇ ತೋರಿಸಿ ಹೇಳಿ. ಸಂಬಳ ಅವರದೇ ಖಾತೆಗೆ ಹೋಗಲಿ, ಮಾತು ಅವರೊಂದಿಗೇ ಇರಲಿ, ಅಪ್ಪನೊಂದಿಗಲ್ಲ. "ಪುಟ್ಟಾ" ಎಂದು ಕರೆಯುವುದೂ ಬೇಡ. ಚುರುಕಾಗಿದ್ದವರು ಕೆಲವು ತಿಂಗಳಲ್ಲಿ ನಿಧಾನವಾಗಿ ತೂಕಡಿಸತೊಡಗಿದರೆ ಸೋಮಾರಿತನ ಎನ್ನುವ ಮುನ್ನ ಥೈರಾಯ್ಡ್ ಪರೀಕ್ಷೆ ಮಾಡಿಸಲು ಮನೆಯವರಿಗೆ ತಿಳಿಸಿ. ರಾತ್ರಿ ಜೋರಾಗಿ ಗೊರಕೆ ಇದ್ದರೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಇರಬಹುದು. ಎರಡಕ್ಕೂ ಚಿಕಿತ್ಸೆ ಇದೆ.